ಬಾಸ್ ಬಿಯರ್ ಮನೆತನದ ಲಾರ್ಡ್ ಬರ್ಟನ್ ಪದವಿ ಮಗಳಿಗೆ ಹೋದದ್ದು ಹೇಗೆ?

ಒಂದೇ ಪದವಿಯನ್ನು ತಂದೆಗೆ ಎರಡು ಸಲ ಕೊಟ್ಟದ್ದರಿಂದ. ಇಂಗ್ಲೆಂಡಿನ ಬರ್ಟನ್ ಊರಿನ ಬಾಸ್ ಬಿಯರ್ ಕಾರ್ಖಾನೆಯ ವಾರಸುದಾರ, 1865ರಿಂದ ಲಿಬರಲ್ ಸಂಸದರಾಗಿದ್ದ ಮೈಕೆಲ್ ಆರ್ಥರ್ ಬಾಸ್ 1886ರಲ್ಲಿ ಬ್ಯಾರನ್ ಬರ್ಟನ್, ಅಂದರೆ ಲಾರ್ಡ್ ಬರ್ಟನ್, ಆದರು. ಪದವಿ ಕೊಟ್ಟ ರಾಣಿಯ ಆ ಸನದು (ಆಜ್ಞಾಪತ್ರ) ಗಂಡುಸಂತಾನಕ್ಕೆ ಮಾತ್ರ ಸಲ್ಲುವಂಥದ್ದು. ಅವರಿಗಿದ್ದದ್ದು ಒಬ್ಬಳೇ ಮಗಳು, ನೆಲ್ಲಿ. ಹಳೆಯ ಸನದನ್ನು ತಿದ್ದುವ ಬದಲು 1897ರಲ್ಲಿ ರಾಣಿ ಅದೇ ಹೆಸರಿನ ಪದವಿಗೆ ಹೊಸದೊಂದನ್ನು ಹೊರಡಿಸಿದರು: ಮಗನಿಲ್ಲದಿದ್ದರೆ ಮಗಳಿಗೆ, ಆಮೇಲೆ ಆಕೆಯ ಗಂಡುಸಂತತಿಗೆ. 1909ರಲ್ಲಿ ಬಾಸ್ ತೀರಿಕೊಂಡಾಗ ಮೊದಲನೆಯ ಪದವಿ ಅಲ್ಲಿಗೇ ಮುಗಿಯಿತು, ಎರಡನೆಯದು ನೆಲ್ಲಿಗೆ ಬಂತು. (1882ರಲ್ಲಿ ಸಿಕ್ಕಿದ್ದ ಕೆಳದರ್ಜೆಯ ಬ್ಯಾರೊನೆಟ್ ಪದವಿ ಮಾತ್ರ ತಮ್ಮನ ಮಗನ ಪಾಲಾಯಿತು.) ಹೆಸರು ಸಿಕ್ಕರೂ ಕುರ್ಚಿ ಸಿಗಲಿಲ್ಲ, ವಂಶಪಾರಂಪರ್ಯ ಪದವಿಯ ಹೆಂಗಸರಿಗೆ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯ ಬಾಗಿಲು ತೆರೆದದ್ದು 1963ರಲ್ಲಿ, ನೆಲ್ಲಿ ಸತ್ತ ಮರುವರ್ಷ.