ಗಣೆಯ ಉಸಿರು ಅಳಿಸಬೇಡಿ

ಪ್ರಶ್ನೆ: ಕಾಡುಗೊಲ್ಲರ ವೀರ ಜುಂಜಪ್ಪನ ಕಾವ್ಯದ ಹಳೇ ಕ್ಯಾಸೆಟ್‌ಗಳು ಮನೆಯಲ್ಲಿವೆ. ಕೆಲವು ಕೊಂಡವು, ಕೆಲವು ನಮ್ಮ ತಾತ ರೆಕಾರ್ಡ್ ಮಾಡಿಸಿದ್ದು. ಬುಸ್ ಅನ್ನೋ ಸದ್ದು ತೆಗೆದು, ಹೊಸ ಬೀಟ್ ಸೇರಿಸಿ ಯೂಟ್ಯೂಬ್‌ಗೆ ಹಾಕಬಹುದಾ ಸಾರ್?
- ಓದುಗರೊಬ್ಬರು, ಶಿರಾ, ತುಮಕೂರು ಜಿಲ್ಲೆ

ಉತ್ತರ: ಖಂಡಿತ ಹೊರಗೆ ಬರಲಿ, ಆದರೆ ಬೀಟ್ ಬೇಡ. ಈ ಕಾವ್ಯದ ಜೊತೆ ಊದುವ ಕಾಡುಗೊಲ್ಲರ ಗಣೆ ಉದ್ದನೆಯ ಬಿದಿರಿನ ಕೊಳಲು, ಅದರ ದನಿಯಲ್ಲಿ ಅರ್ಧ ಉಸಿರೇ ಇರುತ್ತದೆ. ಟೇಪಿನ ಬುಸ್ ಸದ್ದು, ಈ ಉಸಿರು ಎರಡೂ ಕಂಪ್ಯೂಟರಿಗೆ ಒಂದೇ ಥರ ಕೇಳಿಸುತ್ತವೆ, ಹಾಗಾಗಿ ಸದ್ದು ಜಾಸ್ತಿ ತೆಗೆಯಲು ಹೋದರೆ ಗಣೆಯೂ ಸತ್ತುಹೋಗುತ್ತದೆ, ಹಾಡುವವರ ದನಿ ನೀರೊಳಗಿಂದ ಬಂದ ಹಾಗಾಗುತ್ತದೆ. ಸ್ವಲ್ಪ ಬುಸ್ ಇದ್ದರೆ ಇರಲಿ ಬಿಡಿ, ಕೇಳುವವರಿಗೆ ಅಭ್ಯಾಸವಾಗುತ್ತದೆ.

ಮೊದಲು ಏನೂ ತಿದ್ದದ ಒಂದು ಪ್ರತಿ ಮಾಡಿ. ರೆಕಾರ್ಡಿಂಗ್ ಸೆಟ್ಟಿಂಗ್ 24 ಬಿಟ್, 96 ಕಿಲೋಹರ್ಟ್ಸ್ ಇರಲಿ, ದನಿ ಕುಗ್ಗಿಸದ ವೇವ್ (WAV) ಫೈಲ್ ಆಗಿರಲಿ. ಎಂಪಿ3 ಆಮೇಲೆ. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಸುಮ್ನೆ ಹಾಕಿ ನೋಡೋಣ ಅನ್ನಬೇಡಿ, ತಿಳಿದವರಿಂದ ಶುಚಿ ಮಾಡಿಸಿ.

ಇನ್ನು ಹಕ್ಕಿನ ಮಾತು. ಕಾವ್ಯ ಸಮುದಾಯದ್ದು, ಆದರೆ ಅಂಗಡಿಯಲ್ಲಿ ಕೊಂಡ ಕ್ಯಾಸೆಟ್‌ನ ರೆಕಾರ್ಡಿಂಗ್ ಕಂಪನಿಯದು, ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ ಕಾಪಿರೈಟ್ ಇರುತ್ತದೆ. ಅನುಮತಿ ಇಲ್ಲದೆ ಹಾಕಬೇಡಿ. ತಾತ ಮಾಡಿಸಿದ್ದರಲ್ಲೂ ಹಾಡಿದವರಿಗೆ ಹಕ್ಕಿದೆ, ಅದು 50 ವರ್ಷ. ಅವರನ್ನೋ ಅವರ ಮಕ್ಕಳನ್ನೋ ಹುಡುಕಿ ಕೇಳಿ. ಯಾರು ಹಾಡಿದ್ದು, ಯಾವ ಹಟ್ಟಿಯವರು, ಗಣೆ ಊದಿದ್ದು ಯಾರು ಅಂತ ಹಾಡಿನ ಜೊತೆಯಲ್ಲೇ ಬರೆಯಿರಿ, ಹಳೇ ಕ್ಯಾಸೆಟ್‌ಗಳಲ್ಲಿ ಎಷ್ಟೋ ಸಲ ಇದನ್ನೇ ಬಿಟ್ಟಿರುತ್ತಾರೆ, ಅಲ್ವಾ?