ಮಗಳ ಜೊತೆ ನೀವೂ ತೋರಿಸಿಕೊಳ್ಳಿ

ಪ್ರಶ್ನೆ: ನನಗೆ 36 ವರ್ಷ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಮನೆ. ಮಗಳು ಒಂಬತ್ತನೇ ತರಗತಿ. ಗಲಾಟೆ ಮಾಡುವವಳಲ್ಲ, ಕ್ಲಾಸಿನಲ್ಲಿ ಎಲ್ಲೋ ನೋಡುತ್ತಾ ಕೂತಿರುತ್ತಾಳೆ. ಹೋಂವರ್ಕ್ ಮಾಡಿ, ನೋಟ್‌ಬುಕ್ ಮನೆಯಲ್ಲೇ ಬಿಟ್ಟು ಹೋಗುತ್ತಾಳೆ. ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆ ಇರುವ ತೊಂದರೆ) ಇರಬಹುದು, ತೋರಿಸಿ ಎಂದು ಟೀಚರ್ ಹೇಳಿದರು. ಅದರ ಬಗ್ಗೆ ಓದಿದರೆ ಎಲ್ಲಾ ನನ್ನದೇ ಕಥೆ! ದಿನಾ ಹಾಲು ಉಕ್ಕಿಸುತ್ತೇನೆ, ಸಂಘದ ಕಂತು ಮರೆಯುತ್ತೇನೆ, ಅತ್ತೆಯಿಂದ ಬೈಸಿಕೊಳ್ಳುತ್ತೇನೆ. ಗಂಡ ಮಾತ್ರ 'ಹುಚ್ಚರ ಡಾಕ್ಟರ್ ಹತ್ತಿರ ಹೋದರೆ ನಾಳೆ ಅವಳನ್ನ ಯಾರು ಮದುವೆ ಆಗ್ತಾರೆ?' ಎನ್ನುತ್ತಾರೆ. ಅವರಿಗೆ ಗೊತ್ತಾಗದ ಹಾಗೆ ಕರೆದುಕೊಂಡು ಹೋಗಲಾ?

ಉತ್ತರ: ಕರೆದುಕೊಂಡು ಹೋಗಿ. ಆದರೆ ಕದ್ದು ಬೇಡ. 'ಅಪ್ಪನಿಗೆ ಹೇಳಬೇಡ' ಎಂದು ಆಸ್ಪತ್ರೆಗೆ ಕರೆದೊಯ್ದರೆ, ತನ್ನಲ್ಲಿ ಏನೋ ಮುಚ್ಚಿಡುವಂಥದ್ದಿದೆ ಎಂದೇ ಆ ಹುಡುಗಿ ತಿಳಿದುಕೊಳ್ಳುತ್ತಾಳೆ. ಗಂಡ ಒಪ್ಪುವವರೆಗೂ ಕಾಯಬೇಕಿಲ್ಲ. ಹೇಳಿ ಹೋಗಿ, ಅಷ್ಟೇ. 'ಮೊದಲು ನಾನು ತೋರಿಸಿಕೊಳ್ಳುತ್ತೇನೆ' ಎಂದು ಶುರು ಮಾಡಿದರೆ ಮದುವೆಯ ಮಾತೇ ಬರುವುದಿಲ್ಲ ಅಲ್ವಾ?

ನಿಮ್ಮ ಅನುಮಾನಕ್ಕೆ ಕಾರಣವಿದೆ. ಎಡಿಎಚ್‌ಡಿ ಬಹಳಷ್ಟು ಮಟ್ಟಿಗೆ ವಂಶದಲ್ಲೇ ಹರಿದು ಬರುತ್ತದೆ. ಮಕ್ಕಳಿಗೆ ಇದೆ ಎಂದು ಗೊತ್ತಾದ ಮೇಲೆ ತಮ್ಮದನ್ನು ಗುರುತಿಸಿಕೊಂಡ ತಾಯಂದಿರು ಎಷ್ಟೋ ಜನ. ಬೆಂಚು ಹತ್ತಿ ಕುಣಿಯುವ ಹುಡುಗನನ್ನು ಮೇಷ್ಟ್ರು ಕೂಡಲೇ ಗಮನಿಸುತ್ತಾರೆ. ಸುಮ್ನೆ ಕೂತು ಮನಸ್ಸಿನಲ್ಲೇ ಎಲ್ಲೋ ಹೋಗಿಬಿಡುವ ಹುಡುಗಿ 'ಪಾಪ, ಸಾಧು' ಎನ್ನಿಸಿಕೊಳ್ಳುತ್ತಾಳೆ. ಹುಡುಗಿಯರಲ್ಲಿ ಈ ಗಮನ ಜಾರುವ ಬಗೆಯೇ ಜಾಸ್ತಿ ಕಾಣುವುದು. ಅವರು ಬೈಸಿಕೊಳ್ಳುವ ಭಯಕ್ಕೆ ಎರಡು ಪಟ್ಟು ಕಷ್ಟಪಟ್ಟು ಅದನ್ನು ಮುಚ್ಚಿಕೊಳ್ಳುತ್ತಾರೆ. ಹೈಸ್ಕೂಲಿನಲ್ಲಿ ಓದಿನ ಹೊರೆ ಏರಿದಾಗ ಮುಚ್ಚಿಕೊಳ್ಳಲು ಆಗುವುದಿಲ್ಲ. ಹಾಗಾಗಿ ತಡವಾಗಿ ಕಂಡಿತೆಂದು ತಳ್ಳಿಹಾಕುವಂತಿಲ್ಲ. ಲಕ್ಷಣಗಳು 7 ವರ್ಷದೊಳಗೆ ಶುರುವಾಗಿರಬೇಕು ಎಂದಿದ್ದ ಅಮೆರಿಕದ ಮನೋವೈದ್ಯರ ಕೈಪಿಡಿ, 2013ರಲ್ಲಿ ಅದನ್ನು 12 ವರ್ಷ ಎಂದು ಬದಲಿಸಿತು.

ಇನ್ನು ನಿಮ್ಮ ವಿಷಯ. ಮನೆಯಲ್ಲಿ ಎಲ್ಲರ ಟಿಫಿನ್, ಔಷಧಿ, ಫೀಸು, ಹಬ್ಬ, ನೆಂಟರು, ಎಲ್ಲದರ ನೆನಪನ್ನೂ ಹೆಂಗಸಿನ ತಲೆಗೇ ಕಟ್ಟಿದ್ದೇವೆ. ಗಂಡಸು ಮರೆತರೆ 'ಕೆಲಸದ ಟೆನ್ಷನ್', ಹೆಂಗಸು ಮರೆತರೆ 'ಮನೆ ನಡೆಸೋಕೆ ಬರಲ್ಲ'. ಇದು ನನಗೆ ನಿಜವಾಗಿಯೂ ಸಿಟ್ಟು ತರಿಸುತ್ತದೆ. ವರ್ಷಗಟ್ಟಲೆ ಇಂಥ ಮಾತು ಕೇಳಿದವರಿಗೆ ಆತಂಕ, ಖಿನ್ನತೆ ಅಂಟಿಕೊಳ್ಳಬಹುದು. ಎಷ್ಟೋ ಸಲ ಡಾಕ್ಟರೂ ಅದಕ್ಕಷ್ಟೇ ಮಾತ್ರೆ ಕೊಟ್ಟು ಕಳಿಸುತ್ತಾರೆ, ಬೇರು ಹಾಗೇ ಉಳಿಯುತ್ತದೆ. ಮುಟ್ಟಿನ ಹಿಂದಿನ ದಿನಗಳಲ್ಲಿ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮರೆವು, ಸಿಡುಕು ಹೆಚ್ಚಾಯಿತು ಎನ್ನುವ ಹೆಂಗಸರೂ ಇದ್ದಾರೆ. ನಿಮಗೆ ಹಾಗಾಗುತ್ತಿದ್ದರೆ ಡಾಕ್ಟರಿಗೆ ಹೇಳಿ.

ಹಾಗಂತ ಓದಿದ್ದೆಲ್ಲ ನಮಗೇ ಇದೆ ಎಂದು ತೀರ್ಮಾನಿಸಬೇಡಿ. ಇದಕ್ಕೆ ರಕ್ತ ಪರೀಕ್ಷೆ, ಸ್ಕ್ಯಾನ್ ಇಲ್ಲ. ಮನೋವೈದ್ಯರು ಮನೆಯ, ಶಾಲೆಯ ಸಂಗತಿಗಳನ್ನು ಕೇಳಿ ತಿಳಿಯುತ್ತಾರೆ. ಥೈರಾಯ್ಡ್, ರಕ್ತ ಕಡಿಮೆ, ನಿದ್ದೆಗೇಡು ಇದ್ದರೂ ಗಮನ ನಿಲ್ಲುವುದಿಲ್ಲ, ಅದನ್ನೂ ನೋಡಿಸಿಕೊಳ್ಳಿ. ಇದೆ ಎಂದಾದರೆ ಮಾತ್ರೆಗಳಿವೆ, ಕೌನ್ಸೆಲಿಂಗ್ ಇದೆ. ಮಾತ್ರೆಯನ್ನು ಡಾಕ್ಟರ್ ಚೀಟಿಯಿಲ್ಲದೆ ತೆಗೆದುಕೊಳ್ಳುವಂತಿಲ್ಲ.

ದಾವಣಗೆರೆಯಲ್ಲೇ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ, ಅಲ್ಲಿನ ಮಾನಸಿಕ ರೋಗ ವಿಭಾಗದಲ್ಲಿ ವಿಚಾರಿಸಿ. ಹೋಗುವ ಮುಂಚೆ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮಗಳ ಹಳೆಯ ಮಾರ್ಕ್ಸ್ ಕಾರ್ಡ್ ಜೊತೆಗಿರಲಿ, ಟೀಚರ್ ಹತ್ತಿರ ನಾಲ್ಕು ಸಾಲು ಬರೆಸಿಕೊಳ್ಳಿ. ನೀವು ಚಿಕ್ಕಂದಿನಲ್ಲಿ ಹೇಗಿದ್ದಿರಿ ಎಂದು ನಿಮ್ಮ ತಾಯಿಯನ್ನೋ ಅಣ್ಣತಮ್ಮಂದಿರನ್ನೋ ಕೇಳಿ, ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡು ಹೋಗಿ. ಡಾಕ್ಟರ್ ಅದನ್ನು ಕೇಳಿಯೇ ಕೇಳುತ್ತಾರೆ.