ಯಾರಿಗೂ ಏನೂ ಆಗದ ದಿನದ ಕೆಲಸ: ಒಂದು ಆಪ್ತಸಲಹೆ ಪ್ರಕರಣ

ಹಳೆ ಮೈಸೂರು ಸೀಮೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿರುವ 29 ವರ್ಷದ ಮಹಿಳೆಯೊಬ್ಬರು ಕೆಲಸ ಬಿಡಬೇಕೆಂದು ನಿರ್ಧರಿಸಿಯೇ ನನ್ನ ಬಳಿ ಬಂದಿದ್ದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಇಲ್ಲಿ ಅವರನ್ನು 'ಸ' ಎಂದಷ್ಟೇ ಕರೆಯುತ್ತೇನೆ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ನಗರದ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಮೂರು ವರ್ಷ ದುಡಿದು, ಆಮೇಲೆ ಗುತ್ತಿಗೆ ಆಧಾರದ ಈ ಹುದ್ದೆಗೆ ಸೇರಿದವರು ಅವರು.

"ಐಸಿಯುನಲ್ಲಿ ಒಂದು ಜೀವ ಉಳಿದರೆ ಕಣ್ಣಿಗೆ ಕಾಣ್ತಿತ್ತು ಮೇಡಂ. ಇಲ್ಲಿ ಬಿಪಿ ನೋಡ್ತೀನಿ, ಶುಗರ್ ನೋಡ್ತೀನಿ, ಅದನ್ನೆಲ್ಲ ಸರ್ಕಾರದ ಪೋರ್ಟಲ್‌ಗೆ ತುಂಬಿಸ್ತೀನಿ. ನಾನು ಇದ್ದರೂ ಊರು ಹಾಗೇ, ಇಲ್ಲದಿದ್ದರೂ ಹಾಗೇ" ಎಂದರು. ಅವರ ಮುಂದೆ ಎರಡು ದಾರಿಗಳಿದ್ದವು. ವಿದೇಶದ ಆಸ್ಪತ್ರೆಗೆ ಅರ್ಜಿ ಹಾಕಲು ಜರ್ಮನ್ ಭಾಷೆಯ ತರಗತಿ ಸೇರೆಂದು ಅಣ್ಣ ಒತ್ತಾಯಿಸುತ್ತಿದ್ದರು. ಪೌಷ್ಟಿಕ ಪುಡಿ ಮಾರುವ ಜಾಲವೊಂದಕ್ಕೆ ಸೇರಿ 'ವೆಲ್‌ನೆಸ್ ಕೋಚ್' ಆಗು ಎಂದು ಹಳೆಯ ಸಹಪಾಠಿ ದಿನವೂ ವಾಟ್ಸ್ಆ್ಯಪ್ ಮಾಡುತ್ತಿದ್ದಳು.

ಮೊದಲ ಭೇಟಿಯಲ್ಲಿ ನಾನು ಇದನ್ನು ದಣಿವೆಂದೇ ತಿಳಿದು ನಿದ್ದೆ, ಊಟ, ರಜೆಗಳ ಬಗ್ಗೆ ವಿಚಾರಿಸಿದೆ. ದಣಿವೇನೋ ಇತ್ತು, ಆದರೆ ಮೂಲ ಬೇರೆಯದಾಗಿತ್ತು. ಎರಡನೇ ಭೇಟಿಯಲ್ಲಿ ಅವರು ಒಬ್ಬ ಅಜ್ಜಿಯ ಮಾತೆತ್ತಿದರು. ರಕ್ತದೊತ್ತಡಕ್ಕೆಂದು ತಿಂಗಳ ಹಿಂದೆ ಕೊಟ್ಟಿದ್ದ 30 ಮಾತ್ರೆಗಳನ್ನು ಅಜ್ಜಿ ಸೆರಗಿನ ಗಂಟಿನಿಂದ ಬಿಚ್ಚಿ ಮೇಜಿನ ಮೇಲಿಟ್ಟಾಗ ನಾಲ್ಕೇ ಖಾಲಿಯಾಗಿದ್ದವಂತೆ. "ತಲೆ ತಿರುಗಿದ ದಿನ ಒಂದು ನುಂಗ್ತೀನಿ ಕಣವ್ವ, ಚೆನ್ನಾಗಿರೋ ದಿನ ಯಾಕೆ ಸುಮ್ನೆ?" ಎಂದಿದ್ದರಂತೆ. ಇದನ್ನು ಹೇಳುವಾಗ 'ಸ' ಅವರ ದನಿಯಲ್ಲಿದ್ದದ್ದು ಬೇಸರವಲ್ಲ, ಅವಮಾನ. ಅಷ್ಟು ತಿಳಿಹೇಳಿದ್ದು ನೀರಿಗೆ ಹಾಕಿದಂತಾಯಿತಲ್ಲ ಎಂಬ ಅವಮಾನ.

ಅಜ್ಜಿಯ ಪ್ರಶ್ನೆಯೂ 'ಸ' ಅವರ ಪ್ರಶ್ನೆಯೂ ಒಂದೇ ಎಂದು ನನಗೆ ಹೊಳೆದದ್ದು ಆಗ. ಏನೂ ಆಗದ ದಿನ ಮಾತ್ರೆಗೆ ಏನು ಬೆಲೆ ಎಂದು ಅವರು ಕೇಳುತ್ತಿದ್ದರು, ಏನೂ ಆಗದ ದಿನ ನನ್ನ ಕೆಲಸಕ್ಕೆ ಏನು ಬೆಲೆ ಎಂದು ಇವರು. ಬಾರದ ಪಾರ್ಶ್ವವಾಯುವಿಗೆ ಯಾರೂ ಬಂದು ಕೈಮುಗಿಯುವುದಿಲ್ಲ. ಐಸಿಯುನಲ್ಲಿ ಸಿಗುತ್ತಿದ್ದ ಸಮಾಧಾನವನ್ನು ಇಲ್ಲಿ ಹುಡುಕುತ್ತಿರುವವರೆಗೂ ಈ ವೃತ್ತಿ ಬರಿದಾಗಿಯೇ ಕಾಣುತ್ತದೆ. ಇದನ್ನು ಅವರಿಗೆ ನೇರವಾಗಿಯೇ ಹೇಳಿದೆ.

ಜೊತೆಗೆ ಅವರ ಕೆಲಸದ ರೀತಿಯಲ್ಲೂ ಒಂದು ಕೊರತೆಯಿತ್ತು. ಆರೋಗ್ಯ ಸಂವರ್ಧನೆಯನ್ನು ಕುರಿತ 1986ರ ಒಟ್ಟಾವಾ ಸನ್ನದು ಎಂಬ ಅಂತರರಾಷ್ಟ್ರೀಯ ದಾಖಲೆ ಐದು ಬಗೆಯ ಕೆಲಸಗಳನ್ನು ಹೇಳುತ್ತದೆ: ಆರೋಗ್ಯಕ್ಕೆ ಪೂರಕವಾದ ನೀತಿ, ಅನುಕೂಲಕರ ಪರಿಸರ, ಸಮುದಾಯದ ಸ್ವಂತ ಪ್ರಯತ್ನ, ವ್ಯಕ್ತಿಯ ತಿಳಿವು ಮತ್ತು ಕೌಶಲ, ಆರೋಗ್ಯ ಸೇವೆಯ ಮರುಹೊಂದಾಣಿಕೆ. 'ಸ' ಮಾಡುತ್ತಿದ್ದದ್ದು ನಾಲ್ಕನೆಯದನ್ನು ಮಾತ್ರ, ಅದೂ "ಉಪ್ಪು ಕಡಿಮೆ ತಿನ್ನಿ" ಎಂಬ ಒಂದು ವಾಕ್ಯದಲ್ಲಿ. ಬಯಲುಸೀಮೆಯ ಉಪಕೇಂದ್ರವೊಂದಕ್ಕೆ ಸುಮಾರು 5,000 ಜನಸಂಖ್ಯೆ ಇರುತ್ತದೆ. 30 ವರ್ಷ ದಾಟಿದವರೆಲ್ಲರ ರಕ್ತದೊತ್ತಡ, ಮಧುಮೇಹ, ಬಾಯಿ, ಸ್ತನ ಹಾಗೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ನಡುವೆ ಆ ಒಂದು ವಾಕ್ಯಕ್ಕಿಂತ ಹೆಚ್ಚು ಹೇಳಲು ಸಮಯವೂ ಸಿಗುವುದಿಲ್ಲ.

ನಾನು ಕೊಟ್ಟ ಸಲಹೆ ಚಿಕ್ಕದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರೊಬ್ಬರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು. ಹಾಗಾದರೆ ಐದು ಮಂದಿ ದೊಡ್ಡವರಿರುವ ಮನೆಗೆ ಒಂದು ಕೆಜಿ ಪ್ಯಾಕೆಟ್ 40 ದಿನವಾದರೂ ಬರಬೇಕು. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಡಲು ಸ್ವಸಹಾಯ ಸಂಘದ ಹತ್ತು ಹನ್ನೆರಡು ಮನೆಗಳನ್ನು ಒಪ್ಪಿಸಿ, ಎಷ್ಟು ದಿನಕ್ಕೆ ಮುಗಿಯಿತೆಂದು ಅವರಿಂದಲೇ ಹೇಳಿಸಿ ಎಂದೆ. ಆಶಾ ಕಾರ್ಯಕರ್ತೆಯನ್ನು ಜೊತೆಗಿಟ್ಟುಕೊಳ್ಳಿ, ಗ್ರಾಮ ಆರೋಗ್ಯ ಸಮಿತಿಯ ಸಭೆಯಲ್ಲಿ ಆ ಲೆಕ್ಕವನ್ನು ಮಂಡಿಸಿ ಎಂದೂ ಸೇರಿಸಿದೆ. ಪೋರ್ಟಲ್‌ಗೆ ಸಂಬಂಧವಿಲ್ಲದ ಒಂದು ನೋಟ್‌ಬುಕ್ಕಿನಲ್ಲಿ, ಬಿಪಿ 140/90ರ ಕೆಳಗಿಳಿದು ಅಲ್ಲಿಯೇ ನಿಂತವರ ಹೆಸರುಗಳನ್ನು ಬರೆದಿಡಲು ಹೇಳಿದೆ. ಅದು ಅವರೊಬ್ಬರೇ ಓದಲಿಕ್ಕೆ.

ಪುಡಿ ಮಾರುವ ಜಾಲದ ವಿಷಯದಲ್ಲಿ ನಾನು ತಟಸ್ಥಳಾಗಿ ಉಳಿಯಲಿಲ್ಲ. ಸಲಹೆ ಕೊಡುವವರ ಆದಾಯ ಡಬ್ಬಿಯ ಮಾರಾಟದ ಮೇಲೆ ನಿಂತಿದ್ದರೆ ಆ ಸಲಹೆ ಡಬ್ಬಿಯ ಕಡೆಗೇ ವಾಲುತ್ತದೆ, ನರ್ಸ್ ಎಂಬ ನಿಮ್ಮ ಹೆಸರು ಅಲ್ಲಿ ಜಾಹೀರಾತಾಗುತ್ತದೆ ಎಂದೆ. ಈ ಕ್ಷೇತ್ರದಲ್ಲೇ ಬೆಳೆಯುವುದಾದರೆ ಎರಡು ವರ್ಷದ ಸಾರ್ವಜನಿಕ ಆರೋಗ್ಯ ಸ್ನಾತಕೋತ್ತರ ಪದವಿ, ಅಂದರೆ ಎಂಪಿಎಚ್, ಮೈಸೂರಿನ ಜೆಎಸ್ಎಸ್‌ನಲ್ಲೂ ಮಣಿಪಾಲದಲ್ಲೂ ಇದೆ. ವಿದೇಶದ ದಾರಿ ತಪ್ಪೇನಲ್ಲ. ಮನೆಯ ಸಾಲ ಎಷ್ಟು, ಗುತ್ತಿಗೆಯ ಸಂಬಳದಲ್ಲಿ ಅದು ತೀರುತ್ತದೆಯೇ ಎಂಬುದನ್ನು ಅಣ್ಣನ ಜೊತೆ ಕೂತು ಕಾಗದದ ಮೇಲೆ ಹಾಕಿ ಎಂದೆ. ಸಾಲದ ಚಿಂತೆಯನ್ನು ಸೇವೆಯ ಮಾತಿನಿಂದ ಮುಚ್ಚುವುದು ಸಲಹೆಗಾರರಿಗೆ ಸುಲಭವಾಗಿ ಬರುವ ಕೆಟ್ಟ ಅಭ್ಯಾಸ.

ಮೂರು ತಿಂಗಳ ಬಳಿಕ ಅವರು ಮತ್ತೆ ಬಂದರು. ಎಂಪಿಎಚ್ ಅರ್ಜಿಯನ್ನೂ ತುಂಬಿದ್ದರು, ಜರ್ಮನ್ ತರಗತಿಯನ್ನೂ ಬಿಟ್ಟಿರಲಿಲ್ಲ. 11 ಮನೆಗಳ ಪೈಕಿ ಏಳು ಮನೆಗಳಲ್ಲಿ ತಾರೀಖು ಬರೆದಿದ್ದರು. ಬಹುತೇಕ ಕಡೆ ಪ್ಯಾಕೆಟ್ 20 ದಿನಕ್ಕೇ ಮುಗಿದಿತ್ತು. "ಉಳಿದ ನಾಲ್ಕು ಮನೆಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಹಾಕಿಬಿಟ್ಟರು ಮೇಡಂ, ಲೆಕ್ಕವೇ ಸಿಗಲಿಲ್ಲ" ಎಂದು ನಕ್ಕರು. ನೋಟ್‌ಬುಕ್ಕಿನಲ್ಲಿ ಒಂಬತ್ತು ಹೆಸರುಗಳಿದ್ದವು. ಅಜ್ಜಿಯ ಹೆಸರು ಇನ್ನೂ ಇರಲಿಲ್ಲ; ಆದರೆ ಈ ತಿಂಗಳು ಅಜ್ಜಿಗೆ ಕೊಟ್ಟ ಮಾತ್ರೆಗಳಲ್ಲಿ ಹದಿನೇಳು ಖಾಲಿಯಾಗಿವೆ ಎಂದರು.